ಇನ್ನೂರ ಹನ್ನೆರಡು ಹೆಸರು

ಲೆವೊರಾನ, ಲೆಂಬಾತಾ ದ್ವೀಪ
19 ಫೆಬ್ರವರಿ 2024

ತಮ್ಮ ಬೊಲಿಗೆ,

ಕೊನೆಗೂ ಮಕ್ಕಳ ಕಲ್ಯಾಣದ ನಿಮ್ಮ ಕಚೇರಿಯ ಟವರ್ ನಮ್ಮೂರಿಗೆ ಬಂತು. ಶಾಲೆಯ ಹಿಂದಿನ ದಿಬ್ಬದ ಮೇಲೆ ಹನ್ನೊಂದು ಗೋಡಂಬಿ ಮರ ಕಡಿದು ನಿಲ್ಲಿಸಿದ್ದಾರೆ. ಬಿಸಿಲಿನಿಂದಲೇ ಕರೆಂಟು ಮಾಡಿಕೊಳ್ಳುತ್ತದಂತೆ. ಬಿಸಿಲಿದ್ದಷ್ಟು ಹೊತ್ತು ಇಂಟರ್ನೆಟ್ ಇರುತ್ತದೆ, ಮೋಡ ಕವಿದರೆ ಹೋಗುತ್ತದೆ. ನನ್ನದು ಗುಂಡಿ ಒತ್ತುವ ಹಳೇ ಫೋನು, ಅದಕ್ಕೆ ಇದೆಲ್ಲ ಹಿಡಿಯುವುದಿಲ್ಲ. ಹಾಗಾಗಿ ನೀನು ಕುಪಾಂಗ್‌ನಲ್ಲಿ ಎಷ್ಟೇ ದೊಡ್ಡ ಕಚೇರಿಯಲ್ಲಿ ಕೂತಿದ್ದರೂ ಅಕ್ಕನ ಕಾಗದ ಬುಧವಾರದ ದೋಣಿಯಲ್ಲೇ ಬರುತ್ತದೆ.

ಉದ್ಘಾಟನೆ ಹೇಗಾಯಿತು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಎಂಟಕ್ಕೆ ಬರುತ್ತೇವೆ ಎಂದವರು ಹನ್ನೊಂದೂವರೆಗೆ ಬಂದರು. ಅಷ್ಟು ಹೊತ್ತೂ ನನ್ನ ಶಾಲೆಯ ನಲವತ್ತೊಂದು ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಇಬ್ಬರು ತಲೆ ತಿರುಗಿ ಬಿದ್ದರು. ನಿಮ್ಮ ಹಾರ್ಯಾಂತೊ ಸಾಹೇಬರು ಬಂದವರೇ ನೆರಳಲ್ಲಿ ಕೂತು ಎರಡು ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಮಕ್ಕಳ ಕ್ಷೇಮವೇ ಸರಕಾರದ ಉಸಿರು ಎಂದು ಭಾಷಣ ಮಾಡಿದರು. ಇಂಟರ್ನೆಟ್ಟಿನಲ್ಲಿ ಗುರುತಿಲ್ಲದವರನ್ನು ನಂಬಬಾರದು ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದರು. ಆಮೇಲೆ ಎದೆಯ ಮೇಲಿನ ಹಳದಿ ಬಿಲ್ಲೆ ತೋರಿಸಿ, ಈ ಬಿಲ್ಲೆ ಹಾಕಿಕೊಂಡವರು ಮಾತ್ರ ನಿಮ್ಮ ಸ್ನೇಹಿತರು, ಇವರ ಹತ್ತಿರ ಏನು ಬೇಕಾದರೂ ಹೇಳಿಕೊಳ್ಳಿ ಎಂದರು. ಒಬ್ಬ ಪರಕೀಯನನ್ನು ನಂಬಬೇಡಿ ಎನ್ನುವುದಕ್ಕೆ ಇನ್ನೊಬ್ಬ ಪರಕೀಯ ಬರಬೇಕಾಯಿತು ನೋಡು.

ಕೊನೆಗೆ ಕಚೇರಿಯ ಪಟ್ಟಿಗೆಂದು ಅರ್ಜಿ ತುಂಬಿಸಿದರು. ಮಗುವಿನ ಹೆಸರು, ಹುಟ್ಟಿದ ದಿನ, ಫೋಟೊ, ಫೋನು, ಅಪ್ಪ ಅಮ್ಮನ ಹೆಸರು, ಅವರು ಕೆಲಸ ಮಾಡುವ ಜಾಗ. ಈ ಕೊನೆಯದು ಯಾಕೆ ಎಂದು ಕೇಳಿದೆ. ಅರ್ಜಿ ಹಿಡಿದ ಹುಡುಗಿಗೆ ಗೊತ್ತಿರಲಿಲ್ಲ. ಮೇಲಿನಿಂದ ಬಂದಿದೆ ಎಂದಳು. ನಲವತ್ತೊಂದರಲ್ಲಿ ಇಪ್ಪತ್ತಾರು ಮಕ್ಕಳು ಅಲ್ಲಿ 'ಮಲೇಷ್ಯಾ' ಎಂದು ಬರೆದವು. ನಮ್ಮ ಕೇವಾ ಎಲ್ಲರಿಗಿಂತ ಕೊನೆಗೆ ಮುಗಿಸಿದಳು. ಹದಿಮೂರರ ಹುಡುಗಿ, ಅಜ್ಜಿಯ ಜೊತೆ ಇದ್ದಾಳೆ, ಅಮ್ಮನ ಮುಖ ನೋಡಿ ಆರು ವರ್ಷ. ಅಮ್ಮನ ಹೆಸರು, ತವಾವ್ ಪಟ್ಟಣ, ಎಣ್ಣೆತಾಳೆ ತೋಟದ ಹೆಸರು, ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಅದನ್ನು ಓದುವವರು ಅಮ್ಮನೇ ಎನ್ನುವ ಹಾಗೆ.

ನಿನ್ನ ಕೆಮ್ಮು ಹೇಗಿದೆ?

ಅಕ್ಕ, ಪೆನಿ

~

ಕುಪಾಂಗ್
3 ಮಾರ್ಚ್ 2024

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ನಕ್ಕೆ, ಸ್ವಲ್ಪ ಬೇಜಾರೂ ಆಯಿತು. ಬಿಸಿಲಲ್ಲಿ ನಿಲ್ಲಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಮೇಲಿನಿಂದ ಬಂತು ಎಂದಳಲ್ಲ ಆ ಹುಡುಗಿ, ಆ ಕಾಲಂ ಮೇಲಿನಿಂದ ಬಂದದ್ದಲ್ಲ, ನನ್ನ ತಲೆಯಿಂದ ಬಂದದ್ದು. ಅಪ್ಪ ತವಾವ್‌ಗೆ ಹೋಗಿ ಸುದ್ದಿಯೇ ಇಲ್ಲದೆ ಹೋದಾಗ ನೀನು ಹದಿನಾರು, ನಾನು ಒಂಬತ್ತು. ನಮ್ಮನ್ನು ಯಾವ ಕಚೇರಿ ಕೇಳಿತ್ತು? ಯಾವ ಮಗುವಿನ ಮನೆಯಲ್ಲಿ ಕಾಯುವವರಿಲ್ಲವೋ ಆ ಮಗು ಮೊದಲು ನಮ್ಮ ಕಣ್ಣಿಗೆ ಬೀಳಬೇಕು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಹಾರ್ಯಾಂತೊ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿದರು.

ಲೆಂಬಾತಾ, ಅಡೊನಾರಾ, ಸೊಲೊರ್, ಮೂರೂ ದ್ವೀಪಗಳ ಇನ್ನೂರ ಹನ್ನೆರಡು ಮಕ್ಕಳ ಪಟ್ಟಿಯನ್ನು ಗಡುವಿಗಿಂತ ಎರಡು ದಿನ ಮೊದಲೇ ಮುಗಿಸಿದೆ. ಇಡೀ ಪ್ರಾಂತದಲ್ಲಿ ನಮ್ಮದೇ ಮೊದಲು. ಪಾಲಕರು ಮನೆಯಲ್ಲೇ ಕೂತು ತಪ್ಪಿದ್ದರೆ ತಿದ್ದಿಸಲಿ ಎಂದು ಕಚೇರಿಯ ಇಂಟರ್ನೆಟ್ ಪುಟದಲ್ಲಿ ಹಾಕಿಯೂ ಆಯಿತು. ಅಡಿಯಲ್ಲಿ ನನ್ನ ಹೆಸರಿದೆ. ಈ ವರ್ಷ ನನ್ನ ಕೆಲಸ ಕಾಯಂ ಆಗಬಹುದು.

ಕೆಮ್ಮು ಹೋಗಿದೆ.

ನಿನ್ನ ತಮ್ಮ, ಬೊಲಿ

~

ಲೆವೊರಾನ
20 ಏಪ್ರಿಲ್ 2024

ಬೊಲಿ,

ಕಾಲಂ ನಿನ್ನದು ಎಂದು ಗೊತ್ತಿದ್ದರೆ ಅಷ್ಟು ಖಾರವಾಗಿ ಬರೆಯುತ್ತಿರಲಿಲ್ಲ. ಅಪ್ಪನ ಮಾತು ನೀನು ಎತ್ತಿದ್ದು ಎಷ್ಟೋ ವರ್ಷಗಳ ಮೇಲೆ. ಆ ಸಾಲನ್ನು ಎರಡು ಸಲ ಓದಿದೆ.

ಇಲ್ಲಿ ಈಗ ಬಿಡುವಾದರೆ ಸಾಕು, ಮಕ್ಕಳೆಲ್ಲ ಟವರಿನ ಬುಡದಲ್ಲಿ. ಹರಿವೆ ಸಸಿಯ ಹಾಗೆ ಸಾಲಾಗಿ ಕೂತಿರುತ್ತವೆ, ತಲೆ ಬಗ್ಗಿಸಿಕೊಂಡು. ಬೈದರೆ, ಪಾಠ ನೋಡ್ತಿದೀವಿ ಟೀಚರ್ ಎನ್ನುತ್ತವೆ. ಪಾಠದಲ್ಲಿ ಅಷ್ಟೊಂದು ಕುಣಿತ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಒಂದು ಒಳ್ಳೆಯ ಮಾತೂ ಇದೆ. ನಿಮ್ಮ ಕಚೇರಿಯಿಂದ ಯಾನುಆರ್ ಎನ್ನುವವರು ಕೇವಾಳ ಫೋನಿಗೆ ವಾರವಾರ ಬರೆದು ವಿಚಾರಿಸುತ್ತಿದ್ದಾರೆ. ಓದು ಹೇಗಿದೆ, ಅಜ್ಜಿ ಹೇಗಿದ್ದಾರೆ, ಅಮ್ಮ ತವಾವ್‌ನಿಂದ ಕಾಗದ ಹಾಕುತ್ತಾರಾ ಎಂದೆಲ್ಲ. ಅವಳೇ ಓಡಿ ಬಂದು ತೋರಿಸಿದಳು, ಹಳದಿ ಬಿಲ್ಲೆಯ ಚಿತ್ರವಿತ್ತು. ಹುಡುಗಿಯ ಮುಖದಲ್ಲಿ ಬೆಳಕು ಬಂದಿದೆ. ನಿಮ್ಮಲ್ಲಿ ಒಬ್ಬರಾದರೂ ಕುರ್ಚಿ ಬಿಟ್ಟು ಕೆಲಸ ಮಾಡುವವರಿದ್ದಾರಲ್ಲ. ಅವರಿಗೆ ನನ್ನ ನಮಸ್ಕಾರ ತಿಳಿಸು.

ಕುಟ್ಟಿದ ಜೋಳದ ಅವಲಕ್ಕಿ ಕಳಿಸಿದ್ದೇನೆ. ದೋಣಿಯವನು ಅರ್ಧ ತಿಂದಿದ್ದರೆ ನನ್ನ ತಪ್ಪಲ್ಲ.

ಅಕ್ಕ

~

ಕುಪಾಂಗ್
6 ಮೇ 2024

ಅಕ್ಕ,

ಅವಲಕ್ಕಿ ಪೂರ್ತಿ ಬಂತು. ಕಚೇರಿಯವರೆಲ್ಲ ಕಿತ್ತು ತಿಂದರು.

ಯಾನುಆರ್ ಯಾರೆಂದು ನೆನಪಾಗುತ್ತಿಲ್ಲ. ಈಚೆಗೆ ಹೊಸಬರು ಬಹಳ ಮಂದಿ ಸೇರಿದ್ದಾರೆ, ಅವರಲ್ಲೊಬ್ಬ ಇರಬೇಕು. ಈ ವಾರವೇ ವಿಚಾರಿಸಿ ನಿನ್ನ ನಮಸ್ಕಾರ ಮುಟ್ಟಿಸುತ್ತೇನೆ. ತಪಾಸಣೆಯವರು ಬರುವವರಿದ್ದಾರೆ, ತಲೆ ಎತ್ತಲೂ ಪುರುಸೊತ್ತಿಲ್ಲ.

ಬೊಲಿ

~

ಲೆವೊರಾನ
2 ಜೂನ್ 2024

ಬೊಲಿ,

ಒಂದು ತಿಂಗಳಿಂದ ನಿನ್ನ ಕಾಗದವಿಲ್ಲ. ಇರಲಿ. ಇದನ್ನು ನಿಂತಲ್ಲೇ ಓದು.

ಮೇ 28ರಂದು ಕೇವಾ ಮನೆಯಿಂದ ಹೋದಳು. ಲೆವೊಲೆಬಾದಲ್ಲಿ ಶಾಲೆಯ ಕೆಲಸವಿದೆ ಎಂದು ಅಜ್ಜಿಗೆ ಹೇಳಿ ಬೆಳಗಿನ ಲಾರಿ ಹತ್ತಿದ್ದಾಳೆ. ಸಂಜೆ ಲಾರಿ ಖಾಲಿ ಬಂದಾಗ ಅಜ್ಜಿ ನನ್ನ ಬಾಗಿಲಿಗೆ ಬಂದರು. ಹಾಸಿಗೆಯ ಕೆಳಗೆ ಒಂದು ಚೀಟಿ ಇತ್ತು. ಅಮ್ಮನಿಗೆ ಹುಷಾರಿಲ್ಲ, ಆಫೀಸಿನವರು ಕರೆದುಕೊಂಡು ಹೋಗುತ್ತಾರೆ, ಅಳಬೇಡ ಎಂದು.

ಟವರ್ ಅಷ್ಟು ಹೊತ್ತಿಗೆ ಮಲಗಿತ್ತು. ಪಾದ್ರಿಯವರ ಫೋನು ಇಸಿದುಕೊಂಡು, ಎದುರಿನ ಅಡೊನಾರಾ ದ್ವೀಪದ ಸಿಗ್ನಲ್ ಸಿಗುವ ಬಂಡೆ ಹತ್ತಿದೆ. ನಿಮ್ಮ ಸಾಹೇಬರು ಶಾಲೆಯ ಗೋಡೆಗೆ ಅಂಟಿಸಿ ಹೋದ ಸಹಾಯವಾಣಿಗೆ ಕರೆ ಮಾಡಿದೆ. ಒಂದು ಹೆಣ್ಣು ದನಿ, ಜೇನಿನಲ್ಲಿ ಅದ್ದಿದ ಹಾಗೆ, ನಮ್ಮ ಮಕ್ಕಳು ನಮ್ಮ ಭವಿಷ್ಯ ಎಂದಿತು. ಒಂದು ಒತ್ತು, ಎರಡು ಒತ್ತು ಎಂದಿತು. ಎಲ್ಲ ಒತ್ತಿದ ಮೇಲೆ ಕಚೇರಿಯ ಸಮಯ ಮುಗಿದಿದೆ, ದೂರನ್ನು ಇಂಟರ್ನೆಟ್ಟಿನಲ್ಲಿ ತುಂಬಿ ಎಂದಿತು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಜೇನು. ಬಂಡೆಯ ಮೇಲೆ ಕೂತು ಉಗಿದೆ ಬೊಲಿ. ನಾನು, ಶಾಲೆಯ ಮುಖ್ಯೋಪಾಧ್ಯಾಯಿನಿ.

ಬೆಳಗಾದ ಕೂಡಲೇ ಹೊರಟೆ. ಅವಳು ಲರಂತುಕಾದ ದೋಣಿ ಹತ್ತಿದಳೆಂದು ಲೆವೊಲೆಬಾದಲ್ಲಿ ಹೇಳಿದರು. ಲರಂತುಕಾ ಬಂದರಿನಲ್ಲಿ ಹಡಗಿನ ಟಿಕೆಟ್ ಕಟ್ಟೆಯ ಹೆಂಗಸು ಸಿಸಿಲಿಯಾ ಎಂದು. ಮೊದಲ ಸಲ ನೋಡಿದ್ದು, ಈಗ ನನ್ನ ಒಡಹುಟ್ಟಿದವಳಿಗಿಂತ ಹೆಚ್ಚು. ಶಾಲೆಯ ಚೀಲ ತಗುಲಿಸಿಕೊಂಡ ಹುಡುಗಿ, ಬೇರೆ ಯಾರೋ ಕುಪಾಂಗ್‌ವರೆಗೆ ಕಾಯ್ದಿರಿಸಿದ ಟಿಕೆಟ್ ಕೇಳಿದಾಗ ಅವಳಿಗೆ ಸರಿ ಕಾಣಲಿಲ್ಲ. ಅಲ್ಲಿ ಯಾರು ಬರುತ್ತಾರೆ ಎಂದು ಕೇಳಿದಳಂತೆ. ಹಳದಿ ಬಿಲ್ಲೆಯವರು ಎಂದಳಂತೆ ಕೇವಾ. ಸಿಸಿಲಿಯಾ ಟಿಕೆಟನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದು, "ಹಡಗು ನಾಳೆನೂ ಹೋಗುತ್ತೆ ಕಣಮ್ಮ. ಇವತ್ತು ನಮ್ಮನೇಲಿ ಉಣ್ಣು" ಅಂದಳಂತೆ. ಹುಡುಗಿಯ ಫೋನಿಗೆ ಒಬ್ಬ ಗಂಡಸು ಮೂರು ಸಲ ಕರೆ ಮಾಡಿ ಬೈದಿದ್ದಾನೆ. ನಾಲ್ಕನೆಯದನ್ನು ಸಿಸಿಲಿಯಾ ಎತ್ತಿದಳು. ದನಿ ಕೇಳಿದ್ದೇ ಕತ್ತರಿಸಿದ. ಆಮೇಲೆ ಆ ನಂಬರೇ ಇಲ್ಲ.

ನಾನು ಹೋದಾಗ ಕೇವಾ ಅವರ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಸಿಟ್ಟು ಮಾಡಿದಳು. ಹಡಗು ತಪ್ಪಿತು ಎಂದು. ಅವನು ಆಫೀಸಿನವನಲ್ಲ, ಕಳ್ಳ ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅಮ್ಮನ ಹೆಸರು ಅವ್ರಿಗೆ ಗೊತ್ತಿತ್ತು ಟೀಚರ್. ತೋಟದ ಹೆಸರೂ ಗೊತ್ತಿತ್ತು. ನಾನು ಹೇಳೇ ಇಲ್ಲ. ಕಳ್ಳ್ರಿಗೆ ಹೇಗೆ ಗೊತ್ತಿರುತ್ತೆ?"

ಅವಳ ಚೀಲ ನನ್ನ ಹೆಗಲಿಗೆ ಹಾಕಿಕೊಂಡೆ. ಉತ್ತರ ನಿನಗೆ ಹೊಳೆದರೆ ಬರಿ. ಆ ಯಾನುಆರ್ ಯಾರೆಂದು ವಿಚಾರಿಸಿದೆಯಾ?

ಅಕ್ಕ

~

ಕುಪಾಂಗ್
11 ಜೂನ್ 2024

ಪ್ರೀತಿಯ ಅಕ್ಕ,

ಮಗು ಕ್ಷೇಮವಾಗಿ ಮನೆ ಸೇರಿದ್ದು ಮಾತೆ ಮರಿಯಳ ಕೃಪೆ. ಯಾನುಆರ್ ಎಂಬ ಹೆಸರಿನ ನೌಕರರು ನಮ್ಮಲ್ಲಿ ಇರುವುದಿಲ್ಲ ಎಂದು ತಿಳಿದುಬಂದಿದೆ. ಈ ಕುರಿತು ಆಂತರಿಕ ವಿಚಾರಣೆ ಪ್ರಗತಿಯಲ್ಲಿದೆ. ವಿಚಾರಣೆ ಮುಗಿಯುವವರೆಗೆ ಪೊಲೀಸರಿಗಾಗಲಿ ಬೇರೆಯವರಿಗಾಗಲಿ ಹೇಳದಿದ್ದರೆ ಒಳ್ಳೆಯದು. ಸುದ್ದಿ ಹಬ್ಬಿದರೆ ಮಕ್ಕಳು ಹೆದರಿಕೊಳ್ಳುತ್ತವೆ.

ಕೇವಾಗೆ ಒಂದು ಮಾತು ಹೇಳು. ತವಾವ್‌ನ ತೋಟಕ್ಕೆ ನಾನೇ ಕರೆ ಮಾಡಿ ವಿಚಾರಿಸಿದೆ. ಅವಳ ಅಮ್ಮನಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾರೆ.

ಇನ್ನೊಂದು ವಿಷಯ ಬರೆಯಲು ಸಾಹೇಬರು ಹೇಳಿದ್ದಾರೆ. ನಮ್ಮ ತಿಳಿವಳಿಕೆ ಕಾರ್ಯಕ್ರಮದಿಂದಾಗಿ ಒಂದು ಅನಾಹುತ ತಪ್ಪಿತು ಎಂದು ವರದಿಯಲ್ಲಿ ಸೇರಿಸುತ್ತಾರಂತೆ. ಕೇವಾ ಮತ್ತು ಆ ಟಿಕೆಟ್ಟಿನ ಹೆಂಗಸಿನ ಫೋಟೊ ಬೇಕಂತೆ. ಸಾಧ್ಯವಾದರೆ ಹಳದಿ ಬಿಲ್ಲೆ ಕಾಣುವ ಹಾಗೆ.

ಬೊಲಿ

~

ಲೆವೊರಾನ
24 ಜೂನ್ 2024

ಬೊಲಿ,

'ತಿಳಿದುಬಂದಿದೆ', 'ಪ್ರಗತಿಯಲ್ಲಿದೆ'. ಅಕ್ಕನಿಗೆ ಬರೆಯುವ ಭಾಷೆಯೇ ಇದು? ಕೆಲಸದ ಭಾರಕ್ಕೆ ಹೀಗಾಗಿದ್ದಾನೆ ಎಂದುಕೊಂಡೆ. ಸಾಹೇಬರ ಭಯಕ್ಕೆ ಫೋಟೊ ಕೇಳುತ್ತಿದ್ದಾನೆ ಎಂದುಕೊಂಡೆ. ನಿನ್ನ ಪರವಾಗಿ ನನ್ನೊಳಗೆ ನಾನೇ ವಕೀಲಿ ಮಾಡಿದೆ, ದಿನಗಟ್ಟಲೆ.

ನಿನ್ನೆ ಸಿಸಿಲಿಯಾ ಇಲ್ಲಿಗೆ ಬಂದಿದ್ದಳು, ಕೈಯಲ್ಲಿ ಮಡಿಸಿದ ಕಾಗದ ಹಿಡಿದು. ಬಂದರಿನಲ್ಲಿ ಹೊರದೇಶಕ್ಕೆ ಆಳು ಕಳಿಸುವ ದಲ್ಲಾಳಿಯ ಅಂಗಡಿಯಿದೆ. ಕೇವಾಳ ಸುದ್ದಿಯಾದ ಮೇಲೆ ಅವಳಿಗೆ ಅನುಮಾನ ಹುಟ್ಟಿ, ತನ್ನ ತಂಗಿಯ ಮಗಳಿಗೆ ಕೆಲಸ ಬೇಕು ಎಂದು ಹೋಗಿ ಅವನ ಮುಂದೆ ಕೂತಳಂತೆ. ಅವನು ಚಹಾ ತರಲು ಎದ್ದಾಗ ಮೇಜಿನ ಮೇಲಿದ್ದ ಕಂತೆಯಿಂದ ಇದನ್ನು ಎಳೆದುಕೊಂಡಿದ್ದಾಳೆ. ಹನ್ನೆರಡು ಹಾಳೆ. ಇನ್ನೂರ ಹನ್ನೆರಡು ಹೆಸರು. ಹುಟ್ಟಿದ ದಿನ, ಫೋನು, ಅಮ್ಮನ ಹೆಸರು, ತೋಟದ ಹೆಸರು. ಮಕ್ಕಳ ಮುಖಗಳು ಬೆರಳುಗುರಿನಷ್ಟು.

ಅಪ್ಪ ಅಮ್ಮ ಇಬ್ಬರೂ ಮಲೇಷ್ಯಾದಲ್ಲಿರುವ ಹೆಣ್ಣುಮಕ್ಕಳ ಹೆಸರಿನ ಎದುರು ಯಾರೋ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ. ಅಪ್ಪನಿಲ್ಲದ ಕೇವಾಗೂ ಇದೆ. ಕಾಯುವವರಿಲ್ಲದ ಮಗು ಮೊದಲು ಕಣ್ಣಿಗೆ ಬೀಳಬೇಕು ಎಂದಿದ್ದೆಯಲ್ಲ. ಬಿದ್ದಿವೆ.

ಕೊನೆಯ ಹಾಳೆಯ ಅಡಿಯಲ್ಲಿದೆ: ಸಿದ್ಧಪಡಿಸಿದವರು ಹೆಂದ್ರಿಕುಸ್ ಬೊಲಿ.

ಅಡೊನಾರಾದ ಬಾರೆಕ್ ಎಂಬ ಹುಡುಗಿಗೂ ಗುರುತಿದೆ. ಹದಿನಾಲ್ಕು ವರ್ಷ. ಸಂಗಾ ಎಂಬ ಮುದುಕನ ಮೊಮ್ಮಗಳು. ಸಿಸಿಲಿಯಾ ತನ್ನ ಟಿಕೆಟ್ ಪುಸ್ತಕ ತಿರುವಿ ನೋಡಿದ್ದಾಳೆ. ಮೇ 20ರಂದು ಆ ಹುಡುಗಿ ಕುಪಾಂಗ್ ಹಡಗು ಹತ್ತಿದಳು. ಅವತ್ತು ಕಟ್ಟೆಯಲ್ಲಿ ಸಿಸಿಲಿಯಾ ಇರಲಿಲ್ಲ, ಬೇರೆಯವರಿದ್ದರು. ಬಾರೆಕ್ ವಾಪಸು ಬಂದಿಲ್ಲ.

ಆ ಹಾಳೆಗಳನ್ನು ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆದೆ. ಹೋಗಲಿಲ್ಲ.

ನಾಳೆ ಸಿಸಿಲಿಯಾಳ ಜೊತೆ ಪೊಲೀಸರ ಹತ್ತಿರ ಹೋಗುತ್ತೇನೆ. ಅದಕ್ಕೆ ಮೊದಲು ಒಂದೇ ಪ್ರಶ್ನೆ. ನಿನಗೆ ಯಾವಾಗ ಗೊತ್ತಾಯಿತು? ಕಚೇರಿಯ ಭಾಷೆಯಲ್ಲಿ ಉತ್ತರ ಬರೆದರೆ ಒಲೆಗೆ ಹಾಕುತ್ತೇನೆ.

ಪೆನಿ

~

ಕುಪಾಂಗ್
3 ಜುಲೈ 2024

ಅಕ್ಕ,

ಮೇ ಎಂಟನೆಯ ತಾರೀಕು ಗೊತ್ತಾಯಿತು.

ಮೊದಲಿನಿಂದ ಹೇಳುತ್ತೇನೆ. ಪಟ್ಟಿಯನ್ನು ಪುಟಕ್ಕೆ ಹಾಕುವಾಗ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಎಚ್ಚರಿಸಿದ್ದಳು. "ಇದಕ್ಕೆ ಬೀಗ ಹಾಕ್ಬೇಕು ಸಾರ್, ಇಲ್ಲದಿದ್ರೆ ಲೋಕವೆಲ್ಲ ನೋಡುತ್ತೆ" ಎಂದಳು. ಬೀಗ ಹಾಕಿದರೆ ಪ್ರತಿ ಮನೆಗೂ ಒಂದೊಂದು ಗುಟ್ಟಿನ ಅಂಕಿ ಮುಟ್ಟಿಸಬೇಕು, ಅದಕ್ಕೆ ಎರಡು ವಾರ ಹಿಡಿಯುತ್ತಿತ್ತು. ಗಡುವು ಮೀರುತ್ತಿತ್ತು. ಆಮೇಲೆ ಹಾಕೋಣ ಎಂದೆ. ಆಮೇಲೆ ಮರೆತೆ. ಎಪ್ಪತ್ತಕ್ಕೂ ಹೆಚ್ಚು ದಿನ ಅದು ಬಾಗಿಲು ತೆರೆದ ಮನೆಯ ಹಾಗೆ ಬಿದ್ದಿತ್ತು.

ನಿನ್ನ ಏಪ್ರಿಲ್ ಕಾಗದಕ್ಕೆ ಉತ್ತರ ಬರೆದ ಎರಡು ದಿನಕ್ಕೆ ಯಾನುಆರ್ ಎಂಬವನೇ ಇಲ್ಲ ಎಂದು ತಿಳಿಯಿತು. ಸಾಹೇಬರ ಕೋಣೆಗೆ ಓಡಿದೆ. ಅವರು ಬಾಗಿಲು ಹಾಕಿಸಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಪುಟ ತೆಗೆದುಹಾಕು. ಯಾರಿಗೂ ಬರೀಬೇಡ. ಬರೆದದ್ದೇ ನಾಳೆ ಸಾಕ್ಷಿ ಆಗುತ್ತೆ." ಮೇ ಹತ್ತಕ್ಕೆ ತೆಗೆದೆ. ಹದಿನೇಳಕ್ಕೆ ನನ್ನ ಕೆಲಸ ಕಾಯಂ ಮಾಡಿದ ಆದೇಶಕ್ಕೆ ಅವರು ಸಹಿ ಹಾಕಿದರು.

ನಿನಗೆ ಬರೆಯಲಿಲ್ಲ ಎನ್ನುವುದು ಸುಳ್ಳು. ಬರೆದೆ. ಕೇವಾಳ ಫೋನು ಕಿತ್ತಿಟ್ಟುಕೋ, ಎಲ್ಲ ಊರಿಗೂ ಹೇಳಿಕಳಿಸು ಎಂದು ಬರೆದು ಜೇಬಿನಲ್ಲಿಟ್ಟುಕೊಂಡು ಬಂದರಿಗೆ ಹೋದೆ. ದೋಣಿಯವನು ನನ್ನನ್ನು ನೋಡಿ ಕೈಯನ್ನೂ ಚಾಚಿದ. ಸುಮ್ಮನೆ ಬಂದೆ ಎಂದೆ. ಪಕ್ಕದ ಗಾಡಿಯಲ್ಲಿ ಮಾಂಸದುಂಡೆಯ ಸಾರು ಕುಡಿದು ಮನೆಗೆ ಬಂದೆ. ಅದು ಮೇ 14. ಆರು ದಿನಕ್ಕೆ ಬಾರೆಕ್ ಹಡಗು ಹತ್ತಿದ್ದಾಳೆ. ಅವಳು ಬಂದು ಇಳಿದದ್ದು ಇದೇ ಕುಪಾಂಗ್‌ನಲ್ಲಿ, ನನ್ನ ಕಚೇರಿಯಿಂದ ನಡೆದರೆ ಮುಟ್ಟುವಷ್ಟು ದೂರದ ಬಂದರಿನಲ್ಲಿ.

ನಿನ್ನೆ ಪೊಲೀಸರಿಗೆ ಎಲ್ಲವನ್ನೂ ಬರೆದುಕೊಟ್ಟೆ, ಸಾಹೇಬರು ಹೇಳಿದ್ದನ್ನೂ. ನನ್ನನ್ನು ಅಮಾನತು ಮಾಡಿದ್ದಾರೆ. ಸಾಹೇಬರಿಗೆ ಇನ್ನೂ ದೊಡ್ಡ ಕಚೇರಿಗೆ ವರ್ಗವಾಗಿದೆ. ಬೀಳ್ಕೊಡುಗೆಗೆ ಹಾಡು ಹಾಡಿಸಿದರಂತೆ.

ಕನ್ನಡಿ ನೋಡಿಕೊಳ್ಳಲು ಆಗುತ್ತಿಲ್ಲ ಅಕ್ಕ. ಕ್ಷಮಿಸು ಎಂದು ಕೇಳಲೇ?

ಬೊಲಿ

~

ಲೆವೊರಾನ
12 ಜುಲೈ 2024

ಕೇಳಬೇಡ. ಅದು ನನ್ನ ಹತ್ತಿರ ಇಲ್ಲ.

ಅಮ್ಮ ಸತ್ತ ಮೇಲೆ ನಿನಗೆ ಉಣ್ಣಿಸಿದವಳು ನಾನು. ಆ ಸಾರು ಕುಡಿದೆ ಎಂಬ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟು ಎದ್ದು ಹೋದೆ. ಹೆದರಿದವನನ್ನು ಕಂಡರೆ ನನಗೆ ಅಸಹ್ಯವಿಲ್ಲ. ಹೆದರಿಕೊಂಡೂ ರುಚಿ ನೋಡಿಕೊಂಡು ಉಂಡವನನ್ನು ಕಂಡರೆ ಇದೆ.

ಪಟ್ಟಿ ನಿನ್ನ ಹತ್ತಿರವೂ ಇದೆ. ನಮ್ಮ ಶಾಲೆಯ ನಲವತ್ತೊಂದು ಮನೆಗೆ ನಾನು ಹೇಳಿದ್ದೇನೆ. ಉಳಿದ ನೂರ ಎಪ್ಪತ್ತೊಂದಕ್ಕೆ ನೀನು ಹೋಗು. ಕಾಗದ ಕಳಿಸಬೇಡ, ಫೋನು ಮಾಡಬೇಡ. ಒಂದೊಂದೇ ಬಾಗಿಲಿಗೆ ಕಾಲಿನಲ್ಲಿ ನಡೆದು ಹೋಗು. ಮಗುವಿನ ಹೆಸರು ಯಾರ ಕೈಗೆ ಸಿಕ್ಕಿದೆ, ಯಾರಿಂದ ಸಿಕ್ಕಿತು ಎಂದು ಬಾಯಿಬಿಟ್ಟು ಹೇಳು. ಮೊದಲು ಬಾರೆಕ್‌ಳ ಮನೆ.

ಪೆನಿ

~

ವೈವೆರಾಂಗ್, ಅಡೊನಾರಾ ದ್ವೀಪ
5 ಆಗಸ್ಟ್ 2024

ಅಕ್ಕ,

ಮೊದಲು ಅಲ್ಲಿಗೇ ಹೋಗು ಎಂದೆ. ನಾನು ಮೊದಲು ಹೋಗಲಿಲ್ಲ. ಸುತ್ತಲಿನ ಹದಿನೇಳು ಮನೆ ಮುಗಿಸಿ, ಇನ್ನು ತಪ್ಪಿಸಿಕೊಳ್ಳಲು ಮನೆ ಉಳಿಯದಾಗ ಹೋದೆ. ಇದನ್ನೂ ಮುಚ್ಚಿಡುವುದಿಲ್ಲ.

ಆ ಹದಿನೇಳರಲ್ಲಿ ಒಂದು ಕಡೆ ನಾಯಿ ಬಿಟ್ಟರು. ಒಬ್ಬ ಹೆಂಗಸು ಎಲೆಅಡಿಕೆ ಉಗಿದಳು, ಅಂಗಿಯ ಮೇಲೆ. ಹೆಚ್ಚಿನವರು ಮಗುವನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅದೆಲ್ಲ ಸಲೀಸು.

ಸಂಗಾ ಅಜ್ಜ ತೋಟದಿಂದ ಆಗತಾನೆ ಬಂದಿದ್ದರು. ದೂರದಿಂದ ಬಂದವನು ಎಂದು ಚಾಪೆ ಹಾಸಿದರು. ಮೊಮ್ಮಗಳ ವಿಷಯ ಮಾತಾಡಬೇಕು ಎಂದೆ. ಹುಡುಕಲು ಸರಕಾರ ಕಳಿಸಿದವನು ನಾನು ಎಂದು ತಿಳಿದರು. ಅಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, ಮೊದಲು ಉಣ್ಣು ಎಂದರು. ನುಗ್ಗೆಸೊಪ್ಪಿನ ಸಾರು, ಜೋಳದನ್ನ, ಒಂದೇ ಒಂದು ಸುಟ್ಟ ಮೀನು. ಮೀನನ್ನು ಪೂರ್ತಿ ನನ್ನ ತಟ್ಟೆಗೆ ಹಾಕಿ, ತಾವು ಉಪ್ಪು ನೆಂಚಿಕೊಂಡರು. ತಟ್ಟೆ ಸರಿಸಿ ಎದ್ದರೆ ಆ ಮನೆಗೆ ಅವಮಾನ, ಕೂತು ತಿಂದರೆ ದ್ರೋಹ. ತಿಂದೆ ಅಕ್ಕ. ನೀನು ಅಸಹ್ಯ ಎಂದ ಕೆಲಸವನ್ನೇ ಮತ್ತೆ ಮಾಡಿದೆ.

ಕೈ ತೊಳೆದ ಮೇಲೆ ಹೇಳಿದೆ. ನಾನು ಹುಡುಕಲು ಬಂದವನಲ್ಲ, ಕಳೆದವನು ಎಂದೆ. ಪಟ್ಟಿ, ಪುಟ, ಬೀಗ, ಜೇಬಿನಲ್ಲೇ ಉಳಿದ ಕಾಗದ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಅವರು ಎದ್ದು ಹೊರಗೆ ಹೋಗಿ ಅಕ್ಕಪಕ್ಕದವರನ್ನೆಲ್ಲ ಕರೆದರು. ಇಪ್ಪತ್ತು ಮೂವತ್ತು ಜನ ಅಂಗಳದಲ್ಲಿ ಬಂದು ಕೂತರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು.

"ನಮ್ಮನೆ ಅನ್ನ ಉಂಡಿದ್ದೀಯ. ಈಗ ಮೊದಲಿಂದ ಹೇಳು. ಇವ್ರೂ ಕೇಳ್ಲಿ. ಒಂದೂ ಬಿಡ್ಬೇಡ."

ಮತ್ತೆ ಹೇಳಿದೆ. ಪ್ರಶ್ನೆ ಕೇಳಿದರು, ಮತ್ತೆ ಹೇಳಿದೆ. ಕೊನೆಗೆ ಅವರೆಲ್ಲ ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಪೊಲೀಸರಿಗೆ ಒಂದು ದೂರು ಬರೆಸಿದರು. ಬರೆದದ್ದು ನಾನೇ, ಆ ಬೀದಿಯಲ್ಲಿ ಚೆನ್ನಾಗಿ ಬರೆಯಬಲ್ಲವರು ಮಲೇಷ್ಯಾದಲ್ಲಿದ್ದಾರೆ. ಆರೋಪಿಗಳ ಹೆಸರು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಸಂಗಾ ಅಜ್ಜ ಕಾಯುತ್ತಾ ಕೂತಿದ್ದರು. ಯಾನುಆರ್ ಎಂದುಕೊಂಡವನು, ದಲ್ಲಾಳಿ, ಹಾರ್ಯಾಂತೊ ಎಂದು ಬರೆದು, ನಾಲ್ಕನೆಯದಾಗಿ ನನ್ನ ಹೆಸರು ಬರೆದೆ. ಅವರು ಬೆರಳಿಟ್ಟು ತೋರಿಸಿ, ಗಟ್ಟಿಯಾಗಿ ಓದು ಎಂದರು. ಓದಿದೆ.

ನಾಳೆ ಮುಂದಿನ ಊರು.

ಬೊಲಿ

~

ಲೆವೊರಾನ
30 ಅಕ್ಟೋಬರ್ 2024

ಬೊಲಿ,

ಈ ಕಾಗದ ಸೊಲೊರ್‌ನ ಯಾವ ಊರಿನಲ್ಲಿ ನಿನಗೆ ಸಿಗುತ್ತದೋ ಗೊತ್ತಿಲ್ಲ, ದೋಣಿಯವರ ಕೈಯಿಂದ ಕೈಗೆ ಹಾಕಿದ್ದೇನೆ. ನೂರ ಮೂವತ್ತು ಮನೆ ದಾಟಿದೆ ಎಂದು ಕೇಳಿದೆ. ನಿನ್ನನ್ನು ಕ್ಷಮಿಸಿಲ್ಲ. ಆದರೆ ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು ಎಂದು ಬರೆಯುತ್ತಿದ್ದೇನೆ.

ಬಾರೆಕ್ ಸಿಕ್ಕಿದಳು. ನಮ್ಮ ದೂರಿಗೆ ಅಲುಗಾಡದ ಪೊಲೀಸರು ಅಡೊನಾರಾದವರ ದೂರು ಹೋದ ಮೇಲೆ ದಲ್ಲಾಳಿಯನ್ನು ಹಿಡಿದರು. ಅವನ ಬಾಯಿಂದ ಬಾತಾಮ್ ದ್ವೀಪದ ಒಂದು ಮನೆಯ ಗುರುತು ಸಿಕ್ಕಿತು. ಅಲ್ಲಿನ ಕನ್ಯಾಮಠದವರು ಪೊಲೀಸರನ್ನು ಕರೆದುಕೊಂಡು ಹೋಗಿ ಬಿಡಿಸಿದರು. ಐದು ತಿಂಗಳು ಹೊರಗಿನಿಂದ ಬೀಗ ಹಾಕಿದ ಮನೆಯಲ್ಲಿ ಪಾತ್ರೆ, ಬಟ್ಟೆ, ಮೂರು ಕೂಸುಗಳ ಆರೈಕೆ. ಕೈಯ ಚರ್ಮ ಸುಲಿದಿದೆ. ಯಾನುಆರ್ ಎಂದುಕೊಂಡವನು ಸಿಕ್ಕಿಲ್ಲ. ನಿನ್ನ ಸಾಹೇಬರನ್ನು ಒಂದು ಸಲ ಕರೆಸಿ ಚಹಾ ಕೊಟ್ಟು ಕಳಿಸಿದರಂತೆ.

ಶನಿವಾರ ಅವಳು ವೈವೆರಾಂಗ್‌ಗೆ ಬರುತ್ತಾಳೆ ಎಂದು ಸಂಗಾ ಅಜ್ಜ ಹೇಳಿಕಳಿಸಿದರು. ನಾನು, ಕೇವಾ, ಸಿಸಿಲಿಯಾ ಹೋದೆವು. ದೋಣಿ ಇಳಿಯುವಾಗ ಕೇವಾ ನನ್ನ ಸೆರಗು ಹಿಡಿದುಕೊಂಡು, ಬಾರೆಕ್ ಹತ್ತಿ ಹೋದ ಹಡಗು, ನಾನು ಹತ್ತಬೇಕಾಗಿದ್ದದ್ದೂ ಅದೇ ಅಲ್ಲವಾ ಟೀಚರ್ ಎಂದು ಕೇಳಿದಳು. ಹೌದು ಎಂದೆ.

ಹಡಗುಕಟ್ಟೆಗೆ ಹೋಗಿ ನೋಡಿದರೆ ನಮಗಿಂತ ಮೊದಲೇ ಅವರು ಬಂದಿದ್ದಾರೆ. ಹಳದಿ ಬಿಲ್ಲೆಗಳು, ಎಂಟೋ ಹತ್ತೋ. ಎರಡು ಕಂಬಕ್ಕೆ ಕಟ್ಟಿದ ಬ್ಯಾನರ್, 'ಮನೆಗೆ ಮರಳಿದ ಮಗಳಿಗೆ ಸ್ವಾಗತ' ಎಂದು, ಅದರಲ್ಲಿ ಹೊಸ ಸಾಹೇಬರ ಮುಖ ಹುಡುಗಿಯ ಊರಿನ ಹೆಸರಿಗಿಂತ ದೊಡ್ಡದು. ಕ್ಯಾಮೆರಾ ಹಿಡಿದ ಮೂವರು. ಹುಡುಗಿಯ ಕೈಗೆ ಕೊಡಲು ಹೊಸದೊಂದು ಫೋನು, ಕೆಂಪು ರಿಬ್ಬನ್ ಕಟ್ಟಿ. ಸಿಸಿಲಿಯಾ ನನ್ನ ರಟ್ಟೆ ಹಿಡಿದುಕೊಳ್ಳದಿದ್ದರೆ ಆ ಬಟ್ಟೆಯನ್ನು ಹಲ್ಲಿನಿಂದ ಹರಿಯುತ್ತಿದ್ದೆ.

ಸಂಗಾ ಅಜ್ಜ ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಹಡಗು ಬಂದು ನಿಂತಾಗ ನೇರವಾಗಿ ಹಲಗೆ ಏರಿ ಒಳಗೆ ಹೋದರು. ಹೊರಗೆ ಬಂದಾಗ ಹುಡುಗಿಯ ತಲೆಯಿಂದ ಮೊಣಕಾಲಿನವರೆಗೆ ತಮ್ಮ ಹೆಗಲ ಮೇಲಿದ್ದ ನೇಯ್ಗೆಯ ಪಂಚೆ ಹೊದಿಸಿದ್ದರು. ಮುಖ ಕಾಣುತ್ತಿರಲಿಲ್ಲ, ಪಾದ ಎರಡು ಮಾತ್ರ. ಕ್ಯಾಮೆರಾದವರು ಮುಂದೆ ನುಗ್ಗಿದರು. ಅರ್ಜಿ ಹಿಡಿದ ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸು, ಒಳ್ಳೆಯ ಮುಖ, ಅಡ್ಡ ಬಂದು ನಿಂತು, ವರದಿಗೆ ಬೇಕು ಅಜ್ಜ, ಮಗುವಿನ ಪೂರ್ತಿ ಹೆಸರು ಹೇಳಿ ಎಂದಳು.

ಅಜ್ಜ ನಿಂತರು.

"ಒಂದು ಸಲ ಹೆಸರು ಕೊಟ್ಟಿದ್ವಿ, ತಾಯಿ," ಎಂದರು. "ಇನ್ನು ಕೊಡಲ್ಲ."

ಆ ಹೆಣ್ಣುಮಗಳು ಅರ್ಜಿಯನ್ನು ಕೆಳಗಿಳಿಸಿದಳು. ಕೇವಾ ನನ್ನ ಸೆರಗು ಬಿಟ್ಟು ಹೋಗಿ ಪಂಚೆಯ ಇನ್ನೊಂದು ಅಂಚನ್ನು ಹಿಡಿದುಕೊಂಡಳು. ಮೂವರೂ ಬ್ಯಾನರಿನ ಪಕ್ಕದಿಂದ ಲಾರಿಯ ಕಡೆಗೆ ನಡೆದು ಹೋದರು.

ಪೆನಿ